ಹೀರೆಬಳ್ಳಿ ಒಂದು ಕಾಯಿಯನ್ನು ಬಚ್ಚಿಡುವುದು ಯಾಕೆ

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಎಷ್ಟು ಹೊಸದೆಂದರೆ, ಬೆಟ್ಟಗಳಿಗೆ ತಾವು ಕೂರಬೇಕಾದ ಜಾಗ ಯಾವುದೆಂದು ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಹೊಳೆ ದಿನಾ ಬೆಳಿಗ್ಗೆ ಎದ್ದು, "ಇವತ್ತು ಯಾವ ಕಡೆ ಹರೀಲಿ?" ಎಂದು ಗಾಳಿಯನ್ನು ಕೇಳುತ್ತಿತ್ತು. ಗಾಳಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಆದರೂ ಎಲ್ಲ ಬಲ್ಲವರ ಹಾಗೆ ಏನಾದರೊಂದು ಹೇಳಿ ಕಳಿಸುತ್ತಿತ್ತು.

ಆ ಕಾಲದಲ್ಲಿ ತಿನ್ನುವುದಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೆ ಎಲ್ಲವೂ ಗಟ್ಟಿ. ಕಾಯಿಗಳನ್ನು ಕಲ್ಲಿನಿಂದ ಕುಟ್ಟಿ ಒಡೆಯಬೇಕು. ಎಷ್ಟು ಬೇಯಿಸಿದರೂ ಮೆತ್ತಗಾಗದ ಗೆಡ್ಡೆಗಳನ್ನು ಹೊತ್ತು ಹುಟ್ಟಿದಾಗ ಬಾಯಿಗೆ ಹಾಕಿಕೊಂಡರೆ ನೆತ್ತಿಯ ಮೇಲೆ ಸೂರ್ಯ ಬರುವವರೆಗೂ ಅಗಿಯಬೇಕು. ಹಲ್ಲಿದ್ದವರಿಗೆ ದಿನಾ ಹಬ್ಬ. ಹಲ್ಲಿಲ್ಲದವರ ನೆನಪು ಮಾತ್ರ ಲೋಕ ಮಾಡುವಾಗ ಯಾರಿಗೂ ಬಂದಿರಲಿಲ್ಲ.

ಹೊಳೆಯ ದಂಡೆಯ ಒಂದು ಗುಡಿಸಲಲ್ಲಿ ಹಾಲಜ್ಜಿ ಎಂಬ ಮುದುಕಿ ಇದ್ದಳು. ಅವಳ ಬಾಯಲ್ಲಿ ನಾಲ್ಕೇ ಹಲ್ಲು. ಮೇಲೆ ಎರಡು, ಕೆಳಗೆ ಎರಡು. ಮೇಲಿನವಕ್ಕೂ ಕೆಳಗಿನವಕ್ಕೂ ಮುಖ ಕೊಟ್ಟು ಮಾತಿಲ್ಲ, ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ.

ಅವಳ ಮಡಿಲಲ್ಲಿ ಒಂದು ಕೂಸು. ಮಗಳ ಮಗಳು. ಆಗಿನ್ನೂ ಲೋಕದಲ್ಲಿ ಹೆಸರುಗಳು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಹಾಗಾಗಿ ಅದನ್ನು ಕೂಸು ಎಂದೇ ಕರೆಯುತ್ತಿದ್ದರು. ಕೂಸಿನ ಬಾಯಲ್ಲಿ ಒಂದೂ ಹಲ್ಲಿಲ್ಲ. ತಾಯಿಯ ಎದೆಹಾಲು ಬತ್ತಿತ್ತು. ತಾಯಿ ಬೆಳಿಗ್ಗೆ ಕಾಡಿಗೆ ಗೆಡ್ಡೆ ಅಗೆಯಲು ಹೋದರೆ ಸಂಜೆಯೇ ಬರುವುದು. ಅಲ್ಲಿಯವರೆಗೆ ಹಾಲಜ್ಜಿ ಹೊಳೆಯ ನೀರಿಗೆ ಜೇನು ಬೆರೆಸಿ ಕುಡಿಸುತ್ತಿದ್ದಳು. ಬರೀ ಜೇನುನೀರಿನಲ್ಲಿ ಕೂಸು ಬೆಳೆಯುತ್ತದೆಯೇ? ದಿನದಿಂದ ದಿನಕ್ಕೆ ಅದರ ಕೈ ಕಡ್ಡಿಯಾಯಿತು. ಅಳುವ ದನಿಯೂ ಸಣ್ಣದಾಯಿತು.

ಒಂದು ದಿನ ಅವಳು ಕೋಲಿನಿಂದ ನೆಲವನ್ನು ಮೂರು ಸಲ ಕುಟ್ಟಿದಳು.

"ಭೂಮ್ತಾಯೀ, ಎದ್ದಿದೀಯಾ?"

"ನಾನು ಮಲಗಿದ್ರೆ ನೀವೆಲ್ಲ ಎಲ್ಲಿ ನಿಲ್ತೀರ?" ಎಂದಳು ಭೂಮಿತಾಯಿ. "ಏನಾಗಬೇಕು ಹೇಳು."

"ಹಲ್ಲಿರೋರಿಗೆಲ್ಲ ಕೊಟ್ಟಿದೀಯ. ನಮ್ಮಂಥೋರ್ಗೆ ಏನೈತೆ? ಇಗೋ, ಈ ಕೂಸಿನ ಬಾಯಿ ನೋಡು. ಇಗೋ, ನನ್ ಬಾಯೂ ನೋಡು!" ಎಂದು ಹಾಲಜ್ಜಿ ನೆಲಕ್ಕೆ ಬಗ್ಗಿ ಬಾಯಿ ತೆರೆದು ತೋರಿಸಿದಳು.

ಭೂಮಿತಾಯಿ ನೋಡಿದಳು. ನೋಡಿ ನಾಚಿಕೊಂಡಳು. ಇಷ್ಟು ದೊಡ್ಡ ಲೋಕ ಮಾಡಿ, ಇಷ್ಟು ಚಿಕ್ಕ ಸಂಗತಿ ಮರೆತೆನಲ್ಲ ಎಂದು ಅವಳಿಗೆ ಬೇಸರವಾಯಿತು. ತನ್ನ ಮಡಿಲನ್ನೆಲ್ಲ ತಡಕಾಡಿದಳು. ಆಲದ ಬೀಜ, ಬಿದಿರಿನ ಬೀಜ, ಹುಲ್ಲಿನ ಬೀಜ ಎಲ್ಲವನ್ನೂ ಆಗಲೇ ಹಂಚಿಯಾಗಿತ್ತು. ಕೊನೆಗೆ ಮಡಿಲಿನ ಮೂಲೆಯಲ್ಲಿ ಒಂದು ಸಿಕ್ಕಿತು. ಕಪ್ಪಗೆ, ಚಪ್ಪಟೆಯಾಗಿ, ಹೆಬ್ಬೆರಳ ಉಗುರಿಗಿಂತ ಚಿಕ್ಕದು.

"ಇದು ಹೀರೆಬೀಜ. ಲೋಕಕ್ಕೆಲ್ಲ ಇದೊಂದೇ ಇರೋದು. ಕೇಳಿಸ್ಕೋ ಹಾಲಜ್ಜಿ. ಈ ಬಳ್ಳಿ ಮಳೇಲಿ ಹುಟ್ಟಿ ಚಳೀಲಿ ಹೋಗುತ್ತೆ. ಅದು ಹೋಗೋದ್ರೊಳಗೆ ಒಂದಾದರೂ ಕಾಯಿ ಬಳ್ಳಿ ಮೇಲೇ ಬಲಿತು, ಒಣಗಿ, ಬೀಜ ಆಗಬೇಕು. ಆಗದೆ ಹೋದರೆ ಹೀರೆ ಅನ್ನೋದು ಮತ್ತೆ ಯಾವತ್ತೂ ಹುಟ್ಟೋದಿಲ್ಲ. ನನ್ನ ಹತ್ತಿರ ಇನ್ನೊಂದಿಲ್ಲ."

ಹಾಲಜ್ಜಿ ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಗುಡಿಸಲ ಹಿಂದೆ ಹಿತ್ತಲು. ಅಲ್ಲಿ ಮೊಳಕೈ ಆಳದ ಗುಂಡಿ ತೋಡಿದಳು. ಒಣಗಿದ ಸಗಣಿ, ಕೊಳೆತ ತರಗೆಲೆ, ಒಲೆಯ ಬೂದಿ ತುಂಬಿದಳು. ಬೀಜವನ್ನು ಒಂದು ಹಗಲು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅದು ಬಿಳಿಯ ಬಾಲ ಬಿಟ್ಟ ಮೇಲೆ ಗುಂಡಿಯಲ್ಲಿ ಮಲಗಿಸಿದಳು. ಆಮೇಲೆ ಅಲ್ಲೇ ಕೂತಳು. ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು, ಮಣ್ಣನ್ನೇ ನೋಡುತ್ತಾ ಕೂತಳು.

ಐದನೆಯ ದಿನ ಮಣ್ಣು ಬಿರುಕು ಬಿಟ್ಟಿತು. ಒಂದು ಮೊಳಕೆ ತಲೆ ಬಗ್ಗಿಸಿಕೊಂಡೇ ಹೊರಗೆ ಬಂತು, ಬೀಜದ ಕಪ್ಪು ಸಿಪ್ಪೆಯನ್ನು ಟೊಪ್ಪಿಗೆಯಂತೆ ಹೊತ್ತುಕೊಂಡು. ಮಧ್ಯಾಹ್ನದ ಹೊತ್ತಿಗೆ ಸಿಪ್ಪೆ ಉದುರಿತು. ಎರಡು ಎಲೆ ಕೈ ಮುಗಿದು ನಿಂತಿದ್ದವು, ನಿಧಾನವಾಗಿ ಬಿಚ್ಚಿಕೊಂಡವು. ಹಾಲಜ್ಜಿ ಉಸಿರು ಬಿಡುವುದನ್ನೇ ಮರೆತಳು. ಲೋಕದಲ್ಲಿ ಅದಕ್ಕೂ ಮೊದಲು ಯಾರೂ ಹೀರೆಯ ಮೊಳಕೆಯನ್ನು ನೋಡಿರಲಿಲ್ಲ.

"ಅಜ್ಜೀ, ನನಗೆ ಹಿಡ್ಕೊಳ್ಳೋಕೆ ಏನಾದ್ರೂ ಕೊಡು" ಎಂದಿತು ಬಳ್ಳಿ, ಒಂದು ವಾರ ಕಳೆದ ಮೇಲೆ.

ಹಾಲಜ್ಜಿ ನಾಲ್ಕು ಗೂಟ ನೆಟ್ಟು, ಮೇಲೆ ಕಡ್ಡಿ ಹರಡಿ ಚಪ್ಪರ ಹಾಕಿದಳು. ಬಳ್ಳಿ ತನ್ನ ತೆಳ್ಳನೆಯ ಕುಡಿಯನ್ನು ಗಾಳಿಯಲ್ಲಿ ಆಡಿಸಿ ಆಡಿಸಿ, ಗೂಟವನ್ನು ಮುಟ್ಟಿದ್ದೇ ತಡ, ಸುರುಳಿ ಸುತ್ತಿಕೊಂಡು ಗಟ್ಟಿಯಾಗಿ ಹಿಡಿಯಿತು. ಕೂಸು ಅಜ್ಜಿಯ ಬೆರಳನ್ನು ಹಿಡಿಯುವುದೂ ಹೀಗೆಯೇ ಅಲ್ಲವೇ ಎಂದುಕೊಂಡಳು ಹಾಲಜ್ಜಿ.

ಒಂದು ತಿಂಗಳು ಕಳೆದು ಹೂ ಬಂತು. ಬೇರೆ ಹೂಗಳೆಲ್ಲ ಬೆಳಿಗ್ಗೆ ಅರಳಿದರೆ, ಇದು ಹೊತ್ತು ಮುಳುಗುವಾಗ ಅರಳಿತು. ಚಪ್ಪರದ ತುಂಬ ಹಳದಿ ಹೂ. ಆದರೆ ಬೆಳಗಾಗುತ್ತಲೇ ಎಲ್ಲ ಉದುರಿ ಬಿದ್ದವು. ಮಾರನೆಯ ದಿನವೂ ಹಾಗೇ. ಹಾಲಜ್ಜಿ ಸಿಡಿಮಿಡಿಗೊಂಡಳು.

"ಏನೇ ಇದು? ಬರೀ ಒಯ್ಯಾರ. ಕಾಯಿ ಎಲ್ಲೈತೆ?"

"ಅವು ಗಂಡುಹೂವು, ಅಜ್ಜಿ. ಅವು ಮೊದಲೇ ಬಂದು ದಾರಿ ಕಾಯ್ತಾವೆ. ಹೆಣ್ಣುಹೂ ಬರಲಿ, ತಡಿ. ಅದರ ಬೆನ್ನಿಗೆ ಪುಟ್ಟ ಕಾಯಿ ಅಂಟ್ಕೊಂಡೇ ಹುಟ್ಟುತ್ತೆ."

ನಿಜವೇ. ಎಂಟು ದಿನದಲ್ಲಿ ಒಂದು ಹೂವು ಬಂತು. ಅದರ ಹಿಂದೆ ಕಿರುಬೆರಳಿನಷ್ಟು ಹಸಿರು ಕಾಯಿ, ಮೈಮೇಲೆ ಸಣ್ಣ ಸಣ್ಣ ಏಣು. ಮುಸ್ಸಂಜೆಯಲ್ಲಿ ಒಂದು ಬೂದುಬಣ್ಣದ ಪತಂಗ ಗಂಡುಹೂವಿನಿಂದ ಎದ್ದು ಬಂದು ಅದರೊಳಗೆ ಮುಖ ಹಾಕಿ ಹೋಯಿತು. ಅಷ್ಟೇ. ಬೆಳಿಗ್ಗೆ ನೋಡಿದರೆ ಕಾಯಿ ಒಂದು ಬೆರಳು ಬೆಳೆದಿದೆ. ಮರುದಿನ ಎರಡು ಬೆರಳು. ಐದನೆಯ ದಿನ ಒಂದು ಗೇಣು ದಾಟಿತು. ಹಾಲಜ್ಜಿ ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಒತ್ತಿದಳು. ಉಗುರು ಬೆಣ್ಣೆಗೆ ಇಳಿದಂತೆ ಇಳಿಯಿತು.

ಅದನ್ನು ಕೊಯ್ದು, ಮಡಕೆಯಲ್ಲಿ ಬೇಯಿಸಿ, ಬೆರಳಿಂದ ಕಿವುಚಿ, ಕೂಸಿನ ತುಟಿಗೆ ಹಚ್ಚಿದಳು. ಕೂಸು ನಾಲಿಗೆ ಹೊರಗೆ ಹಾಕಿತು. ಒಳಗೆ ಎಳೆದುಕೊಂಡಿತು. ಕಣ್ಣು ಅಗಲ ಮಾಡಿ ಅಜ್ಜಿಯನ್ನೇ ನೋಡಿತು. ಆಮೇಲೆ ಎರಡೂ ಕೈಯಿಂದ ಅವಳ ಕೈಯನ್ನು ಎಳೆದು ಬಾಯಿಗೆ ತುರುಕಿಕೊಂಡಿತು. ಹಾಲಜ್ಜಿ ನಗುತ್ತಲೇ ಅತ್ತಳು. ಉಳಿದ ಒಂದು ತುತ್ತನ್ನು ತಾನು ಬಾಯಿಗೆ ಹಾಕಿಕೊಂಡಳು. ಅಗಿಯುವುದೇ ಬೇಕಿರಲಿಲ್ಲ. ಲೋಕದಲ್ಲಿ ಇಷ್ಟು ಮೆತ್ತಗಿನದು ಇದೆಯೇ ಎಂದು ಬೆರಳನ್ನೂ ನೆಕ್ಕಿಕೊಂಡಳು.

ಬಳ್ಳಿಯ ಗುಣವೇ ವಿಚಿತ್ರ. ಒಂದನ್ನು ಕಿತ್ತರೆ ಎರಡು ಬಿಡುತ್ತಿತ್ತು. ಎರಡು ಕಿತ್ತರೆ ನಾಲ್ಕು.

"ಅಜ್ಜೀ, ಒಂದನ್ನು ಬಲಿಯೋಕೆ ಬಿಡು" ಎಂದಿತು ಬಳ್ಳಿ.

"ಬಿಡ್ತೀನಿ ಕಣೆ. ಮುಂದಿನದು ಬಿಡ್ತೀನಿ. ಇವತ್ತು ಕೂಸಿಗೆ ಬೇಕು" ಎಂದಳು ಹಾಲಜ್ಜಿ.

ಮುಂದಿನದು ಬಂತು. ಅದರ ಮುಂದಿನದೂ ಬಂತು. ಅಜ್ಜಿಯ ಬಾಯಲ್ಲಿ ಅದೇ ಮಾತು. ಕೂಸಿನ ಕೆನ್ನೆ ತುಂಬಿಕೊಳ್ಳುತ್ತಿತ್ತು, ತೊಡೆಯಲ್ಲಿ ಮಡಿಕೆ ಬೀಳುತ್ತಿತ್ತು. ಅದನ್ನು ನೋಡುವ ಯಾವ ಅಜ್ಜಿಗೆ ಮುಂದಿನ ಮಳೆಗಾಲದ ಯೋಚನೆ ಬಂದೀತು?

ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಹಾಲಜ್ಜಿಗೆ ಹೆಮ್ಮೆ ತಡೆಯಲಾಗಲಿಲ್ಲ. ಹೊಳೆದಂಡೆಯಲ್ಲಿ ಹೋಗಿ ಬರುವವರನ್ನೆಲ್ಲ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಬರುತ್ತಿದ್ದಳು. "ಅಗೋ ನೋಡ್ರಿ, ಅಲ್ಲೊಂದು! ಅಗೋ, ಆ ಎಲೆ ಪಕ್ಕ ಇನ್ನೊಂದು!" ಎಂದು ತೋರುಬೆರಳು ಚಾಚಿ ಚಾಚಿ ತೋರಿಸುತ್ತಿದ್ದಳು.

ಹಿತ್ತಲ ಬೇಲಿಯ ಮೇಲೆ ಒಂದು ಕಾಯಿನೊಣ ಕೂತಿತ್ತು. ಅದಕ್ಕೆ ತಲೆ ತುಂಬ ಕಣ್ಣು. ಆದರೂ ಹಸಿರು ಎಲೆಯ ನಡುವೆ ಹಸಿರು ಕಾಯಿ ಯಾವುದೆಂದು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಮೊಟ್ಟೆ ಇಡಲು ಮೆತ್ತಗಿನ ಜಾಗ ಹುಡುಕಿ ಹುಡುಕಿ ಸೋತು ಹೋಗಿತ್ತು. ಹಾಲಜ್ಜಿಯ ಬೆರಳು ನೋಡಿದ ಮೇಲೆ ಅದರ ಕಷ್ಟ ಪರಿಹಾರವಾಯಿತು. ಬೆರಳಿನ ತುದಿ ಯಾವ ಕಡೆಗೋ, ನೊಣ ಆ ಕಡೆಗೆ. ಚಕ್ಕನೆ ಹಾರಿ, ಎಳೆಗಾಯಿಗೆ ಚುಚ್ಚಿ, ಮೊಟ್ಟೆ ಇಟ್ಟು ಬರುತ್ತಿತ್ತು. ಮೂರು ದಿನದಲ್ಲಿ ಆ ಕಾಯಿ ಹಳದಿಯಾಗಿ, ಸೊಟ್ಟಗಾಗಿ, ಕೊಳೆತು ಉದುರುತ್ತಿತ್ತು.

"ಯಾಕೆ ಹಿಂಗೆ ಮಾಡ್ತೀಯ?" ಎಂದು ಬಳ್ಳಿ ಅತ್ತಿತು.

"ನನಗೂ ಮಕ್ಕಳಿವೆ, ತಾಯಿ" ಎಂದಿತು ನೊಣ. "ಅಜ್ಜಿ ತೋರಿಸ್ತಾಳೆ, ನಾನು ಹೋಗ್ತೀನಿ."

ಕೊಯ್ದ ಕಾಯಿ ಕೂಸಿಗೆ, ಉಳಿದದ್ದು ನೊಣಕ್ಕೆ. ಬಳ್ಳಿಗೆ ಒಂದೂ ಉಳಿಯಲಿಲ್ಲ.

ಹೀಗೇ ಮಳೆ ಹಿಂದಾಯಿತು. ಒಂದು ಬೆಳಿಗ್ಗೆ ಗಾಳಿ ಮೂಡಣದ ಕಡೆಯಿಂದ ಬಂತು. ಅದರ ಕೈ ತಣ್ಣಗಿತ್ತು.

"ನಿನ್ನ ಕಾಲ ಆಯ್ತು ಕಣೆ ಬಳ್ಳಿ" ಎಂದಿತು ಗಾಳಿ. ಈ ಸಲ ಗಾಳಿಗೆ ಸರಿಯಾಗಿ ಗೊತ್ತಿತ್ತು.

ಬಳ್ಳಿಯ ಬುಡದ ಎಲೆಗಳು ಒಣಗಿದವು. ಹೂ ನಿಂತಿತು. ಕೊನೆಯ ಒಂದೇ ಒಂದು ಹೆಣ್ಣುಹೂವು ಕಾಯಿ ಕಚ್ಚಿತ್ತು. ಬಳ್ಳಿ ಏನು ಮಾಡಿತು ಗೊತ್ತೇ? ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಎಲೆಯನ್ನು ನಿಧಾನವಾಗಿ, ಒಂದಿಡೀ ಹಗಲು ಹೊರಳಿಸಿ ಹೊರಳಿಸಿ, ಆ ಕಾಯಿಯ ಮೇಲೆ ತಂದು ಮುಚ್ಚಿತು. ಕೂಸಿನ ಮೇಲೆ ತಾಯಿ ಸೆರಗು ಎಳೆಯುವುದಿಲ್ಲವೇ, ಹಾಗೆ.

ಮೂರು ದಿನ ಹಾಲಜ್ಜಿಗೆ ಒಂದೂ ಕಾಯಿ ಸಿಗಲಿಲ್ಲ. ಕೂಸು ಹಸಿದು ಕಿರುಚಿತು. ನಾಲ್ಕನೆಯ ದಿನ ಅವಳು ಚಪ್ಪರದ ಕೆಳಗೆ ಬಗ್ಗಿ, ಒಂದೊಂದೇ ಎಲೆ ಎತ್ತಿ ನೋಡುತ್ತಾ ಬಂದಳು. ದೊಡ್ಡ ಎಲೆ ಎತ್ತಿದಳು.

ಅಲ್ಲಿತ್ತು. ಉದ್ದಕ್ಕೆ, ನೆಟ್ಟಗೆ, ಎಳೆಯ ಹಸಿರು. ಅಷ್ಟು ಚಂದದ ಕಾಯಿಯನ್ನು ಅವಳು ಆ ಮಳೆಗಾಲದಲ್ಲೇ ಕಂಡಿರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು.

"ಅಜ್ಜೀ" ಎಂದಿತು ಬಳ್ಳಿ. ಅದರ ದನಿ ಈಗ ಒಣ ಎಲೆಯ ಸದ್ದಿನಷ್ಟಿತ್ತು. "ಇದು ಕೊನೇದು. ನಿನ್ನ ಕೂಸಿಗೆ ಇಷ್ಟು ದಿನ ನನ್ನ ಮಕ್ಕಳನ್ನೆಲ್ಲ ಕೊಟ್ಟೆ. ಬೇಡ ಅನ್ನಲಿಲ್ಲ. ನನಗಿದೊಂದು ಬಿಡ್ತೀಯಾ?"

ಹಾಲಜ್ಜಿಯ ಕೈ ಅಲ್ಲೇ ನಿಂತಿತು. ಭೂಮಿತಾಯಿ ಹೇಳಿದ್ದು ಅವಳಿಗೆ ಈಗ ನೆನಪಾಯಿತು. ಒಳಗೆ ಕೂಸು ಅಳುತ್ತಿತ್ತು. ಹೊರಗೆ ಬಳ್ಳಿ ಕಾಯುತ್ತಿತ್ತು. ಕಿತ್ತರೆ ಇಂದು ಒಂದು ಹೊತ್ತಿನ ಊಟ. ಆಮೇಲೆ ಹುಟ್ಟುವ ಹಲ್ಲಿಲ್ಲದ ಕೂಸುಗಳಿಗೆಲ್ಲ ಎಂದೆಂದಿಗೂ ಏನೂ ಇಲ್ಲ. ಯೋಚಿಸಿದರೆ ಸುಲಭ. ಆದರೆ ಕಿವಿಯ ತುಂಬ ತನ್ನದೇ ಕೂಸಿನ ಅಳು ಇರುವಾಗ ಯೋಚಿಸುವುದು ಸುಲಭವೇ?

ಅಷ್ಟರಲ್ಲಿ ಪಕ್ಕದ ಗುಡಿಸಲ ಚೌಡಕ್ಕ ಕೂಗುತ್ತಾ ಬಂದಳು. ಚೌಡಕ್ಕನ ದನಿ ಹೊಳೆಯಾಚೆಗೂ ಕೇಳುತ್ತಿತ್ತು. "ಹಾಲಜ್ಜೀ, ಕೂಸು ಯಾಕಿಂಗೆ ಅಳ್ತೈತೆ? ಬಳ್ಳೀಲಿ ಒಂದೂ ಇಲ್ವಾ? ಎಲ್ಲೈತೆ ತೋರ್ಸು, ನಾನೇ ಕಿತ್ಕೊಡ್ತೀನಿ!"

ಚೌಡಕ್ಕನ ಹಿಂದೆಯೇ ನೊಣವೂ ಬಂದು ಗೂಟದ ಮೇಲೆ ಕೂತಿತು. ಅಜ್ಜಿಯ ಬೆರಳನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿತು.

ಹಾಲಜ್ಜಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಲೋಕ ಅಷ್ಟು ಹೊಸದು, ಸುಳ್ಳು ಇನ್ನೂ ಹುಟ್ಟಿರಲಿಲ್ಲ. ಕೇಳಿದ್ದಕ್ಕೆ ಕೈ ಅಭ್ಯಾಸದಂತೆ ಮೇಲೆದ್ದಿತು. ತೋರುಬೆರಳು ಚಾಚಿಕೊಳ್ಳುತ್ತಿತ್ತು. ನೊಣ ರೆಕ್ಕೆ ಬಿಚ್ಚಿತು.

ಆಗ ಹಾಲಜ್ಜಿ ಆ ಬೆರಳನ್ನು ಮಡಚಿದಳು.

ತುದಿಯನ್ನು ಅಂಗೈಯೊಳಗೆ ಅಡಗಿಸಿ, ಬರೀ ಬೆರಳಿನ ಗೆಣ್ಣನ್ನು ಎಲೆಯ ಕಡೆಗೆ ತಿರುಗಿಸಿದಳು. "ಐತೆ ಚೌಡಕ್ಕ. ಅಲ್ಲೊಂದೈತೆ. ಆದ್ರೆ ಅದು ನಂದಲ್ಲ, ಕೂಸಿಂದೂ ಅಲ್ಲ. ಬಳ್ಳೀದು."

ನೊಣ ಬೆರಳಿನ ತುದಿ ಹುಡುಕಿತು. ತುದಿ ಅಜ್ಜಿಯ ಅಂಗೈ ಕಡೆಗಿತ್ತು. ನೊಣ ಅಜ್ಜಿಯ ಕೈಯನ್ನೇ ಮೂರು ಸುತ್ತು ಸುತ್ತಿತು, ತಲೆ ಕೆಟ್ಟು ಹೊಳೆಯ ಕಡೆಗೆ ಹಾರಿಹೋಯಿತು.

ಚೌಡಕ್ಕ ಬಾಯಿ ಮುಚ್ಚಿಕೊಂಡಳು. ಹುಟ್ಟಿದ ಮೇಲೆ ಅವಳು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು. ಮೆಲ್ಲಗೆ ಬಂದು, ಹಾಲಜ್ಜಿ ಎತ್ತಿದ್ದ ಎಲೆಯನ್ನು ತಾನೇ ಕೆಳಗೆ ಇಳಿಸಿ ಕಾಯಿಯನ್ನು ಮುಚ್ಚಿದಳು.

ಆಮೇಲಿನ ದಿನಗಳು ಕಷ್ಟದವು. ಚೌಡಕ್ಕ ದಿನಾ ಗೆಡ್ಡೆಯನ್ನು ಕಲ್ಲಿಗೆ ಹಾಕಿ ಕುಟ್ಟಿ ಕುಟ್ಟಿ ಕೊಡುತ್ತಿದ್ದಳು. ಹಾಲಜ್ಜಿ ಅದನ್ನು ತನ್ನ ನಾಲ್ಕು ಹಲ್ಲಿನಲ್ಲೂ ಬರೀ ವಸಡಿನಲ್ಲೂ ಹೊತ್ತು ಮುಳುಗುವವರೆಗೆ ಅಗಿದು, ನಾರು ತೆಗೆದು, ತಿಳಿಯಾದದ್ದನ್ನು ಕೂಸಿಗೆ ಕೊಡುತ್ತಿದ್ದಳು. ವಸಡು ಕಿತ್ತು ರಕ್ತ ಬಂತು. ಒಂದು ಹಲ್ಲು ಬಿತ್ತು. ಆಮೇಲೆ ಇನ್ನೊಂದು. ಕೂಸು ಸೊರಗಿತು, ಆದರೆ ಉಳಿಯಿತು. ಹಾಲಜ್ಜಿ ದಿನಾ ಹಿತ್ತಲಿಗೆ ಹೋಗುತ್ತಿದ್ದಳು. ಎಲೆ ಎತ್ತುತ್ತಿರಲಿಲ್ಲ. ಸುಮ್ಮನೆ ನಿಂತು ಬರುತ್ತಿದ್ದಳು.

ಎಲೆಯಡಿ ಕಾಯಿ ಬಲಿಯಿತು. ಹಸಿರು ಹೋಗಿ ಹಳದಿಯಾಯಿತು, ಹಳದಿ ಹೋಗಿ ಕಂದಾಯಿತು. ಏಣುಗಳು ಮೂಳೆಯಂತೆ ಎದ್ದವು. ಬಳ್ಳಿ ಮಾತಾಡುವುದನ್ನು ನಿಲ್ಲಿಸಿತು. ಕೊನೆಗೆ ಆ ದೊಡ್ಡ ಎಲೆಯೂ ಒಣಗಿ ಉದುರಿತು. ಸತ್ತ ಬಳ್ಳಿಯಲ್ಲಿ ಒಂದೇ ಒಂದು ಕಾಯಿ ನೇತಾಡುತ್ತಿತ್ತು, ಗಾಳಿಯಷ್ಟು ಹಗುರ.

ಹಾಲಜ್ಜಿ ಕಾಯಿಯನ್ನು ಮುಟ್ಟಲು ಹೆದರಿದಳು. "ಸತ್ತೇ ಹೋಯ್ತೇನೋ" ಎಂದಳು.

"ಇರು" ಎಂದಿತು ಗಾಳಿ. ಬಂದು ಕಾಯಿಯನ್ನು ಒಮ್ಮೆ ಅಲ್ಲಾಡಿಸಿತು.

ಗಲಗಲ ಎಂದಿತು.

ಹಾಲಜ್ಜಿ ಬೆಚ್ಚಿ ಸೆರಗು ಹಿಡಿದಳು. ಕಾಯಿಯ ತುದಿಯಲ್ಲಿ ಒಂದು ಪುಟ್ಟ ಮುಚ್ಚಳ ಟಪ್ಪೆಂದು ಬಿಚ್ಚಿ ಬಿತ್ತು. ಅದರೊಳಗಿಂದ ಬೀಜಗಳು ಸುರಿದವು. ಕಪ್ಪಗೆ, ಚಪ್ಪಟೆಯಾಗಿ, ಒಂದರ ಹಿಂದೆ ಒಂದು, ಸುರಿಯುತ್ತಲೇ ಇದ್ದವು. ಸೆರಗು ತುಂಬಿತು. ಅಷ್ಟನ್ನು ಎಣಿಸುವಷ್ಟು ಎಣಿಕೆಯೇ ಆಗ ಲೋಕದಲ್ಲಿ ಇರಲಿಲ್ಲ.

ಬೀಜ ಖಾಲಿಯಾದ ಮೇಲೆ ಅವಳು ಕಾಯಿಯ ಒಳಗೆ ಇಣುಕಿ ನೋಡಿದಳು. ಒಳಗೆಲ್ಲ ಬಲೆ. ಎಳೆಗೆ ಎಳೆ ಕೂಡಿಸಿ, ಒಂದು ಗಂಟೂ ಇಲ್ಲದೆ, ಒಂದು ಎಳೆಯೂ ತಪ್ಪದೆ ನೇಯ್ದ ಬಲೆ. ಪ್ರತಿಯೊಂದು ಬೀಜಕ್ಕೂ ಒರಗಿಕೊಳ್ಳಲು ಮೆತ್ತಗಿನ ಜಾಗ.

"ಭೂಮ್ತಾಯೀ" ಎಂದಳು ಹಾಲಜ್ಜಿ ಪಿಸುದನಿಯಲ್ಲಿ, "ಇದನ್ನ ನೇಯ್ದೋರು ಯಾರು? ನೀನಾ?"

"ನಾನಲ್ಲ" ಎಂದಳು ಭೂಮಿತಾಯಿ. ಅವಳ ದನಿಯಲ್ಲೂ ಬೆರಗಿತ್ತು. "ನಾನೂ ಇದನ್ನ ಈಗಲೇ ನೋಡ್ತಿರೋದು. ಎಲೆ ಮುಚ್ಕೊಂಡು, ಯಾರೂ ನೋಡದ ಹಾಗೆ, ಆ ಬಳ್ಳಿಯೇ ನೇಯ್ದಿದ್ದು. ಸಾಯ್ತಾ ಸಾಯ್ತಾ ನೇಯ್ದಿದ್ದು."

ಹಾಲಜ್ಜಿ ಸತ್ತ ಬಳ್ಳಿಯ ಬುಡಕ್ಕೆ ಹಣೆ ಹಚ್ಚಿದಳು.

ಮುಂದಿನ ಮಳೆಗೆ ಅವಳು ಹೊಳೆದಂಡೆಯ ಎಲ್ಲ ಗುಡಿಸಲಿಗೂ ಬೀಜ ಹಂಚಿದಳು. ಕೊಡುವಾಗ ಪ್ರತಿಯೊಬ್ಬರಿಗೂ ಬೆರಳು ಮಡಚುವುದನ್ನೂ ಹೇಳಿಕೊಟ್ಟಳು. "ಎಳೆಗಾಯಿಗೆ ಬೆರಳು ಚಾಚಬ್ಯಾಡ್ರಿ, ಹಿಂಗೆ ಗೆಣ್ಣು ತೋರ್ಸ್ರಿ. ಒಂದು ಕಾಯಿ ನಿಮ್ ಕಣ್ಣಿಗೆ ಬೀಳ್ದೆ ಹೋದ್ರೆ ಬೇಜಾರು ಮಾಡ್ಕಬ್ಯಾಡ್ರಿ."

ಮೊದಲ ಬಳ್ಳಿ ಕಲಿತದ್ದನ್ನು ಅದರ ಮಕ್ಕಳೂ ಮೊಮ್ಮಕ್ಕಳೂ ಮರೆತಿಲ್ಲ. ಅದಕ್ಕೇ ಇವತ್ತಿಗೂ ನಿಮ್ಮ ಹಿತ್ತಲಲ್ಲಿ, ಮಹಡಿಯ ಮೇಲಿನ ಕುಂಡದಲ್ಲಿ, ಬುಟ್ಟಿ ತುಂಬ ಹೀರೇಕಾಯಿ ಕೊಯ್ದು ಎಲ್ಲ ಮುಗಿಯಿತೆಂದು ತಿರುಗುವಾಗ, ಒಂದು ದೊಡ್ಡ ಎಲೆಯಡಿ ಯಾರ ಕಣ್ಣಿಗೂ ಬೀಳದೆ ಮೊಳಕೈ ಉದ್ದ ಬೆಳೆದು ಬಲಿತ ಕಾಯಿಯೊಂದು ಸದ್ದಿಲ್ಲದೆ ನೇತಾಡುತ್ತಿರುತ್ತದೆ, ಮತ್ತು ಅದನ್ನು ಕಂಡ ಅಜ್ಜಿ ನಿಮಗೆ ತೋರಿಸುವಾಗ ಬೆರಳು ಮಡಚಿಕೊಂಡು, ದನಿ ತಗ್ಗಿಸಿ, "ಅದನ್ನ ಬಿಡು ಮಗಾ, ಅದು ಬಳ್ಳೀದು" ಎನ್ನುತ್ತಾಳೆ.